ಏಬ್ರಮ್ ಗೇಮ್ಸ್: ಭಿತ್ತಿಪತ್ರದಿಂದ ಅಂಚೆಚೀಟಿಯವರೆಗೆ

ದೃಶ್ಯಕಲೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಚಿತ್ರ, ಶಿಲ್ಪ, ವಾಸ್ತು ಎಂಬ ಮೂರು ಕವಲುಗಳಿಗೆ ಹೆಚ್ಚಿನ ಸ್ಥಾನ ನೀಡುತ್ತಾರೆ. ನಿತ್ಯದ ಬದುಕಿನಲ್ಲಿ ಜನಸಾಮಾನ್ಯರ ಕಣ್ಣಿಗೆ ಅತಿ ಹೆಚ್ಚಾಗಿ ಬೀಳುವ ಚಿತ್ರಗಳು ಮಾತ್ರ ಈ ಚರಿತ್ರೆಯ ಹೊರಗೇ ಉಳಿಯುತ್ತವೆ. ಗೋಡೆಯ ಮೇಲಿನ ಭಿತ್ತಿಪತ್ರ, ಲಕೋಟೆಯ ಮೂಲೆಯ ಅಂಚೆಚೀಟಿ ಇವೆರಡೂ ಅಂಥವು. ಒಂದು ಬಿಸಿಲುಮಳೆಗೆ ಸಿಕ್ಕಿ ಹರಿದುಹೋಗುತ್ತದೆ; ಮತ್ತೊಂದು ಅಂಚೆಮುದ್ರೆಯ ಏಟು ತಿಂದು ಕಸದ ಬುಟ್ಟಿ ಸೇರುತ್ತದೆ. ಇವುಗಳನ್ನು ರಚಿಸಿದವರ ಹೆಸರನ್ನು ಕೇಳುವವರು ವಿರಳ.

ಗಾತ್ರದ ದೃಷ್ಟಿಯಿಂದ ನೋಡಿದರೆ ಭಿತ್ತಿಪತ್ರ ಮತ್ತು ಅಂಚೆಚೀಟಿಗಳ ನಡುವೆ ಯಾವ ಹೋಲಿಕೆಯೂ ಕಾಣುವುದಿಲ್ಲ. ಮೊದಲನೆಯದು ಆಳೆತ್ತರಕ್ಕೂ ಮೀರಿ ಬೆಳೆಯಬಲ್ಲದು. ಎರಡನೆಯದು ಹೆಬ್ಬೆರಳಿನಡಿ ಮರೆಯಾಗುವಷ್ಟು ಪುಟ್ಟದು. ಆದರೂ ಈ ಎರಡು ಪ್ರಕಾರಗಳ ಹಿಂದಿರುವುದು ಒಂದೇ ಶಿಸ್ತು ಎಂಬುದನ್ನು ತಮ್ಮ ಜೀವಮಾನದ ಕೆಲಸದಿಂದ ತೋರಿಸಿಕೊಟ್ಟವರು ಇಂಗ್ಲೆಂಡಿನ ಗ್ರಾಫಿಕ್ ವಿನ್ಯಾಸಕಾರ ಏಬ್ರಮ್ ಗೇಮ್ಸ್ (1914-1996). ಅವರ ವೃತ್ತಿಜೀವನದ ಮುಖ್ಯ ಘಟ್ಟಗಳನ್ನು ಪರಿಚಯಿಸುತ್ತ, ಜಾಹೀರಾತು ಕಲೆ ಮತ್ತು ಅಂಚೆಚೀಟಿ ವಿನ್ಯಾಸಗಳ ನಡುವಣ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ ಮತ್ತು ತರಬೇತಿ

ಗೇಮ್ಸ್ ಜನಿಸಿದ್ದು 1914ರ ಜುಲೈ 29ರಂದು, ಲಂಡನ್ ನಗರದ ಪೂರ್ವಭಾಗದ ವೈಟ್‌ಚಾಪೆಲ್ ಪ್ರದೇಶದಲ್ಲಿ. ಪೂರ್ವ ಯುರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳು ದಟ್ಟವಾಗಿ ನೆಲೆಸಿದ್ದ ಬಡಾವಣೆ ಅದು. ತಂದೆ ಜೋಸೆಫ್ ಲಾಟ್ವಿಯಾದಿಂದ ಬಂದ ಛಾಯಾಗ್ರಾಹಕರು. ತಾಯಿ ಸಾರಾ ಹೊಲಿಗೆ ಕೆಲಸ ಬಲ್ಲವರು. ಕುಟುಂಬದ ಮೂಲ ಹೆಸರು ಗಾಮ್ಸೆ ಎಂದಿದ್ದು, ಮಗನಿಗೆ ಹನ್ನೆರಡು ವರ್ಷವಾಗಿದ್ದಾಗ ತಂದೆ ಅದನ್ನು ಇಂಗ್ಲಿಷ್ ರೂಢಿಗೆ ಹೊಂದುವಂತೆ ಗೇಮ್ಸ್ ಎಂದು ಬದಲಾಯಿಸಿದರು.

ಸೇಂಟ್ ಮಾರ್ಟಿನ್ಸ್ ಕಲಾಶಾಲೆಗೆ ಸೇರಿದ ಗೇಮ್ಸ್ ಅಲ್ಲಿ ಉಳಿದದ್ದು ಎರಡೇ ಅವಧಿಗಳ ಕಾಲ. ಶುಲ್ಕದ ಹೊರೆಯೂ ಬೋಧನಾಕ್ರಮದ ಬಗೆಗಿನ ಅತೃಪ್ತಿಯೂ ಅವರನ್ನು ಅಲ್ಲಿಂದ ಹೊರಗೆ ಕಳುಹಿಸಿದವು. ಆ ಬಳಿಕ ಅವರು ಕಲಿತದ್ದೆಲ್ಲ ಸಂಜೆಯ ರೇಖಾಚಿತ್ರ ತರಗತಿಗಳಲ್ಲಿ, ತಂದೆಯ ಸ್ಟುಡಿಯೋದಲ್ಲಿ ಮತ್ತು 1932ರಿಂದ 1936ರವರೆಗೆ ದುಡಿದ ವಾಣಿಜ್ಯ ಕಲಾ ಸಂಸ್ಥೆಯೊಂದರಲ್ಲಿ. ಈ ಪೈಕಿ ತಂದೆಯ ಸ್ಟುಡಿಯೋ ನೀಡಿದ ಒಂದು ಉಪಕರಣ ಅವರ ಶೈಲಿಯನ್ನೇ ರೂಪಿಸಿತು. ಛಾಯಾಚಿತ್ರಗಳನ್ನು ತಿದ್ದಲು ಬಳಸುತ್ತಿದ್ದ ಏರ್‌ಬ್ರಷ್ ಅದು. ಒತ್ತಡದ ಗಾಳಿಯ ನೆರವಿನಿಂದ ಬಣ್ಣವನ್ನು ಮಂಜಿನಂತೆ ಸಿಂಪಡಿಸುವ ಈ ಸಾಧನದಿಂದ, ಗೆರೆಯನ್ನೇ ಎಳೆಯದೆ ಕತ್ತಲೆಯಿಂದ ಬೆಳಕಿಗೆ ಹಂತಹಂತವಾಗಿ ಸಾಗುವ ಛಾಯೆಗಳನ್ನು ಮೂಡಿಸಬಹುದು. ಛಾಯಾಗ್ರಾಹಕರು ದೋಷಗಳನ್ನು ಮರೆಮಾಚಲು ಬಳಸುತ್ತಿದ್ದ ಈ ಉಪಕರಣವನ್ನು ಗೇಮ್ಸ್ ರಚನೆಯ ಸಾಧನವನ್ನಾಗಿ ಮಾಡಿಕೊಂಡರು.

ಮೂವತ್ತರ ದಶಕದ ನಡುವೆ ಲಂಡನ್ ಕೌಂಟಿ ಕೌನ್ಸಿಲ್ ಏರ್ಪಡಿಸಿದ್ದ ಭಿತ್ತಿಪತ್ರ ಸ್ಪರ್ಧೆಯಲ್ಲಿ ಅವರಿಗೆ ಜಯ ದೊರೆಯಿತು. 1936ರಿಂದ ಅವರು ಸ್ವತಂತ್ರವಾಗಿ ಕೆಲಸ ಆರಂಭಿಸಿದರು. ಲಂಡನ್ ಟ್ರಾನ್ಸ್‌ಪೋರ್ಟ್, ಶೆಲ್ ತೈಲ ಸಂಸ್ಥೆ ಹಾಗೂ ಬ್ರಿಟಿಷ್ ಅಂಚೆ ಇಲಾಖೆಗಳು ಆ ಕಾಲದಲ್ಲಿ ಹೊಸ ಕಲಾವಿದರಿಗೆ ಭಿತ್ತಿಪತ್ರದ ಕೆಲಸ ಕೊಡುತ್ತಿದ್ದ ಪ್ರಮುಖ ಪೋಷಕರು. ಯುದ್ಧ ಆರಂಭವಾಗುವ ಮುನ್ನವೇ ಈ ಮೂವರ ಮನ್ನಣೆಯೂ ಗೇಮ್ಸ್ ಅವರಿಗೆ ಲಭಿಸಿತ್ತು.

ಯುದ್ಧಕಾಲದ ಭಿತ್ತಿಪತ್ರಗಳು

1940ರಲ್ಲಿ ಗೇಮ್ಸ್ ಕಾಲ್ದಳಕ್ಕೆ ಸಾಮಾನ್ಯ ಸೈನಿಕರಾಗಿ ಸೇರಿದರು. ಮರುವರ್ಷ ಯುದ್ಧ ಇಲಾಖೆ ಅವರನ್ನು ಕರೆಸಿಕೊಂಡು ಭಿತ್ತಿಪತ್ರ ರಚನೆಗೆ ನಿಯೋಜಿಸಿತು. ಯುದ್ಧ ಮುಗಿಯುವ ಹೊತ್ತಿಗೆ ಅವರು ರಚಿಸಿದ ಭಿತ್ತಿಪತ್ರಗಳ ಸಂಖ್ಯೆ ಸುಮಾರು ನೂರು. ಬ್ಯಾರಕ್ಕಿನ ಜೀವನವನ್ನು ಸ್ವತಃ ಅನುಭವಿಸಿದ್ದುದರಿಂದ, ದಣಿದ ಸೈನಿಕನೊಬ್ಬ ಗೋಡೆಯತ್ತ ಎಷ್ಟು ಹೊತ್ತು ನೋಡುತ್ತಾನೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಅವನ ಗಮನ ಕೆಲವೇ ಕ್ಷಣಗಳದ್ದು. ಆ ಕ್ಷಣಗಳಲ್ಲಿ ಚಿತ್ರ ತನ್ನ ಕೆಲಸವನ್ನು ಮುಗಿಸಬೇಕು.

ಈ ಅಗತ್ಯದಿಂದಲೇ ಅವರ ಪ್ರಸಿದ್ಧ ಸೂತ್ರ ರೂಪುಗೊಂಡಿತು: ಗರಿಷ್ಠ ಅರ್ಥ, ಕನಿಷ್ಠ ಸಾಧನ. ಈ ಸೂತ್ರದ ಅನ್ವಯವನ್ನು ಎರಡು ಉದಾಹರಣೆಗಳಿಂದ ತಿಳಿಯಬಹುದು. ಸೈನಿಕರು ತಮ್ಮ ಆಹಾರವನ್ನು ತಾವೇ ಬೆಳೆದುಕೊಂಡರೆ ಸರಕು ಸಾಗಿಸುವ ಹಡಗುಗಳ ಮೇಲಿನ ಹೊರೆ ತಗ್ಗುತ್ತದೆ ಎಂಬ ಸಂದೇಶಕ್ಕಾಗಿ ಅವರು 1942ರಲ್ಲಿ ಸನಿಕೆ ಮತ್ತು ಹಡಗು ಒಂದರೊಳಗೊಂದು ಮಾರ್ಪಡುವ ಆಕೃತಿಯೊಂದನ್ನು ರಚಿಸಿದರು. ಇಲ್ಲಿ ಎರಡು ವಸ್ತುಗಳನ್ನು ಪಕ್ಕಪಕ್ಕದಲ್ಲಿ ಇರಿಸಿ ವಿವರಿಸಿಲ್ಲ. ಒಂದೇ ರೂಪ ಎರಡನ್ನೂ ನುಡಿಯುತ್ತದೆ. ಅದೇ ವರ್ಷದ ಇನ್ನೊಂದು ಭಿತ್ತಿಪತ್ರದಲ್ಲಿ ಸೈನಿಕನೊಬ್ಬನ ಬಾಯಿಂದ ಹೊರಟ ಮಾತು ಸುರುಳಿಯಾಗಿ ಸುತ್ತುತ್ತ ಸಾಗಿ, ಕೊನೆಗೆ ಚೂಪಾದ ಅಲಗಾಗಿ, ಮೂವರು ಸಂಗಡಿಗರನ್ನು ಇರಿಯುತ್ತದೆ. ಹಗುರ ಮಾತು ಪ್ರಾಣಕ್ಕೆ ಮುಳುವಾದೀತು ಎಂಬ ಎಚ್ಚರಿಕೆಯನ್ನು ಓದುವ ಮೊದಲೇ ನೋಡುಗ ಗ್ರಹಿಸಿರುತ್ತಾನೆ.

ಚಿತ್ರದ ಈ ಶಕ್ತಿಯೇ ಕೆಲವೊಮ್ಮೆ ಅಧಿಕಾರಸ್ಥರಿಗೆ ಇರಿಸುಮುರಿಸು ಉಂಟುಮಾಡಿತು. ಮಹಿಳೆಯರನ್ನು ಸೇನೆಯ ಸಹಾಯಕ ದಳಕ್ಕೆ ಆಹ್ವಾನಿಸಲು 1941ರಲ್ಲಿ ಅವರು ರಚಿಸಿದ ಭಿತ್ತಿಪತ್ರದ ಹೊಂಗೂದಲ ತರುಣಿ ತೀರ ಮೋಹಕವಾಗಿದ್ದಾಳೆ ಎಂಬ ಆಕ್ಷೇಪ ಸಂಸತ್ತಿನವರೆಗೆ ಹೋಯಿತು, ಭಿತ್ತಿಪತ್ರವನ್ನು ಹಿಂತೆಗೆಯಲಾಯಿತು. ಇದಕ್ಕಿಂತ ಗಂಭೀರವಾದುದು 1942ರ ಮತ್ತೊಂದು ಪ್ರಕರಣ. ಯಾವ ಬ್ರಿಟನ್ನಿಗಾಗಿ ಹೋರಾಡುತ್ತಿದ್ದೇವೆ ಎಂಬುದನ್ನು ಸೈನಿಕರಿಗೆ ಮನಗಾಣಿಸಲು ರಚಿತವಾದ ಮೂರು ಭಿತ್ತಿಪತ್ರಗಳ ಪೈಕಿ ಒಂದರಲ್ಲಿ ಗೇಮ್ಸ್ ಲಂಡನ್ನಿನ ಫಿನ್ಸ್‌ಬರಿ ಆರೋಗ್ಯ ಕೇಂದ್ರದ ಬೆಳ್ಳನೆಯ ಹೊಸ ಕಟ್ಟಡವನ್ನು ಚಿತ್ರಿಸಿದರು. ಅದರ ಹಿಂದೆ ಪಾಳುಬಿದ್ದ ಗೋಡೆ, ಅಪೌಷ್ಟಿಕತೆಯಿಂದ ಕಾಲು ಸೊಟ್ಟಗಾದ ಮಗು. ಇದು ದೇಶದ ಸ್ಥಿತಿಯನ್ನು ಅತಿಯಾಗಿ ಹೀಗಳೆಯುತ್ತದೆ ಎಂದು ಪ್ರಧಾನಿ ಚರ್ಚಿಲ್ ಆಕ್ಷೇಪಿಸಿದ್ದರಿಂದ ಅದೂ ಗೋಡೆಯಿಂದ ಮರೆಯಾಯಿತು. ಆ ಮಗು ಕಲಾವಿದನ ಕಲ್ಪನೆಯಾಗಿರಲಿಲ್ಲ. ಪೂರ್ವ ಲಂಡನ್ನಿನ ಬೀದಿಗಳಲ್ಲಿ ಬೆಳೆದವರಿಗೆ ಅಂಥ ಮಕ್ಕಳು ಅಪರಿಚಿತರಲ್ಲ.

1945ರಲ್ಲಿ ಬರ್ಗೆನ್-ಬೆಲ್ಸೆನ್ ಯಾತನಾ ಶಿಬಿರದ ಛಾಯಾಚಿತ್ರಗಳು ಯುದ್ಧ ಇಲಾಖೆಯ ಮೂಲಕ ಗೇಮ್ಸ್ ಅವರ ಕಣ್ಣಿಗೆ ಬಿದ್ದವು. ಬದುಕುಳಿದ ಯಹೂದಿಗಳಿಗೆ ಬಟ್ಟೆಬರೆ ನೀಡುವಂತೆ ಕೋರುವ ಭಿತ್ತಿಪತ್ರವನ್ನು ಅವರು ಆ ವರ್ಷವೇ ರಚಿಸಿದರು. ಮನವೊಲಿಸುವ ಕಲೆಗೆ ಹೊಣೆಗಾರಿಕೆಯೂ ಇದೆ ಎಂಬ ಅರಿವು ಈ ಅನುಭವಗಳಿಂದ ಅವರಲ್ಲಿ ಗಟ್ಟಿಯಾಯಿತು ಎನ್ನಬಹುದು.

ಜಾಹೀರಾತಿನ ಕ್ಷೇತ್ರದಲ್ಲಿ

ಯುದ್ಧಾನಂತರದ ಎರಡು ದಶಕಗಳು ಗೇಮ್ಸ್ ಅವರ ಜಾಹೀರಾತು ಕೆಲಸದ ಸಮೃದ್ಧಿಯ ಕಾಲ. ಬಿ.ಓ.ಎ.ಸಿ. ವಿಮಾನ ಸಂಸ್ಥೆ, ಶೆಲ್, ಗಿನ್ನೆಸ್, ಲಂಡನ್ ಟ್ರಾನ್ಸ್‌ಪೋರ್ಟ್ ಮೊದಲಾದವು ಅವರಿಂದ ಭಿತ್ತಿಪತ್ರಗಳನ್ನು ಬರೆಸಿಕೊಂಡವು. 1951ರಲ್ಲಿ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಗೆ ಮಾಡಿದ ಚಿತ್ರದಲ್ಲಿ ಪತ್ರಿಕೆಗೇ ಕಾಲು ಮೂಡಿ ಅದು ಕಚೇರಿಗೆ ಹೊರಟ ವ್ಯವಹಾರಸ್ಥನಂತೆ ನಡೆಯುತ್ತದೆ. 1957ರ ಗಿನ್ನೆಸ್ ಭಿತ್ತಿಪತ್ರದಲ್ಲಿ ಹೆಸರಿನ ಮೊದಲ ಅಕ್ಷರವಾದ ‘ಜಿ’ಯೇ ಚಿತ್ರದ ಕೇಂದ್ರ. ಸರಕನ್ನು ಹೊಗಳುವ ಮಾತು ಈ ಎರಡರಲ್ಲೂ ಬಹುಮಟ್ಟಿಗೆ ಅನವಶ್ಯಕ.

ಗೇಮ್ಸ್ ಅವರ ಕಾರ್ಯವಿಧಾನ ಇಲ್ಲಿ ವಿಶೇಷ ಗಮನಕ್ಕೆ ಅರ್ಹ. ಅವರು ಸಹಾಯಕರನ್ನು ಇಟ್ಟುಕೊಳ್ಳದೆ ಮನೆಯಲ್ಲಿಯೇ ಒಬ್ಬಂಟಿಯಾಗಿ ಕೆಲಸ ಮಾಡುತ್ತಿದ್ದರು. ಗ್ರಾಹಕರ ಮುಂದೆ ಆಯ್ಕೆಗಾಗಿ ಹಲವು ವಿನ್ಯಾಸಗಳನ್ನು ಹರಡುವ ಪದ್ಧತಿ ಅವರದಲ್ಲ. ಒಂದೇ ವಿನ್ಯಾಸ ಒಪ್ಪಿಸುತ್ತಿದ್ದರು. ಆ ಒಂದಕ್ಕೆ ಮುನ್ನ ಅಸಂಖ್ಯ ಪುಟ್ಟ ಕರಡುಗಳು ಇರುತ್ತಿದ್ದವು. ಭಿತ್ತಿಪತ್ರ ಎಷ್ಟೇ ದೊಡ್ಡದಾಗಲಿ, ಅದರ ಮೊದಲ ಕರಡು ಮಾತ್ರ ಒಂದು ಅಂಗುಲದಷ್ಟೇ. ಇದಕ್ಕೆ ಅವರು ಕೊಡುತ್ತಿದ್ದ ಕಾರಣ ಸರಳವಾದುದು: ದೂರದಿಂದ ನೋಡುವವನಿಗೆ ದೊಡ್ಡ ಭಿತ್ತಿಪತ್ರವೂ ಚಿಕ್ಕದಾಗಿಯೇ ಕಾಣುತ್ತದೆ, ಅಂಗುಲದ ಅಳತೆಯಲ್ಲಿ ನಿಲ್ಲದ ಕಲ್ಪನೆ ಯಾವ ಅಳತೆಯಲ್ಲಿಯೂ ನಿಲ್ಲದು.

ಈ ಮಾತಿನ ಹಿಂದಿನ ಲೆಕ್ಕವನ್ನು ಯಾರಾದರೂ ಪರೀಕ್ಷಿಸಬಹುದು. ಲಂಡನ್ನಿನ ಭೂಗತ ರೈಲು ನಿಲ್ದಾಣಗಳಲ್ಲಿ ಬಳಕೆಯಲ್ಲಿದ್ದ ಡಬಲ್ ರಾಯಲ್ ಭಿತ್ತಿಪತ್ರದ ಅಳತೆ 25 ಅಂಗುಲ ಅಗಲ, 40 ಅಂಗುಲ ಎತ್ತರ. ಅದನ್ನು ಸುಮಾರು 40 ಅಡಿ ದೂರದಿಂದ ನೋಡುವುದೂ, ಒಂದು ಅಂಗುಲ ಎತ್ತರದ ಚಿತ್ರವನ್ನು ಒಂದು ಅಡಿ ದೂರದಲ್ಲಿ ಹಿಡಿದು ನೋಡುವುದೂ ಕಣ್ಣಿನ ಪಾಲಿಗೆ ಸಮಾನ. ಕನ್ನಡಿಯಲ್ಲಿ ಕರಿಯನ್ನು ತೋರಿಸುವುದು ಎಂಬ ಮಾತು ನಮ್ಮಲ್ಲಿದೆ. ಗೇಮ್ಸ್ ಅವರ ಪಾಲಿಗೆ ಇದು ಚಮತ್ಕಾರದ ಮಾತಾಗಿರದೆ ನಿತ್ಯದ ಅಭ್ಯಾಸವಾಗಿತ್ತು. ಪ್ರತಿಯೊಂದು ಭಿತ್ತಿಪತ್ರವನ್ನೂ ಮೊದಲು ಅಂಚೆಚೀಟಿಯಷ್ಟು ಚಿಕ್ಕದಾಗಿ ಕಂಡುಕೊಳ್ಳುತ್ತಿದ್ದ ಈ ಕಲಾವಿದರಿಗೆ ನಿಜವಾದ ಅಂಚೆಚೀಟಿಯ ಕೆಲಸ ಹೊಸದೆನಿಸಲಿಲ್ಲ.

ಅಂಚೆಚೀಟಿಗಳು: 1948 ಮತ್ತು 1951

ಬ್ರಿಟನ್ನಿನ ಅಂಚೆಚೀಟಿಗೆ ಅದರದೇ ಆದ ಕೆಲವು ಕಟ್ಟುಪಾಡುಗಳಿದ್ದವು. ಜಗತ್ತಿನ ಮೊದಲ ಅಂಚೆಚೀಟಿ 1840ರಲ್ಲಿ ಅಲ್ಲಿಯೇ ಹೊರಬಂದದ್ದರಿಂದ, ಅದರ ಮೇಲೆ ದೇಶದ ಹೆಸರನ್ನು ಮುದ್ರಿಸುವ ರೂಢಿ ಬೆಳೆಯಲೇ ಇಲ್ಲ. ಹೆಸರಿನ ಸ್ಥಾನದಲ್ಲಿ ರಾಜ ಅಥವಾ ರಾಣಿಯ ಮುಖ ಇರಲೇಬೇಕು. ಚಿತ್ರಸಹಿತ ವಿಶೇಷ ಅಂಚೆಚೀಟಿಗಳ ವಿಷಯದಲ್ಲಿಯೂ ಆ ದೇಶ ಸಂಕೋಚಪಡುತ್ತಿತ್ತು. ಮೊದಲ ಸ್ಮಾರಕ ಅಂಚೆಚೀಟಿ ಬಂದದ್ದು 1924ರಲ್ಲಿ, ವೆಂಬ್ಲಿ ಪ್ರದರ್ಶನದ ಸಂದರ್ಭಕ್ಕೆ. ಮುದ್ರಣವೂ ಸಾಮಾನ್ಯವಾಗಿ ಒಂದೇ ಬಣ್ಣದಲ್ಲಿ. ಹೀಗೆ ವಿನ್ಯಾಸಕಾರನಿಗೆ ದಕ್ಕುತ್ತಿದ್ದುದು ಅರಸನ ಮುಖ ಮತ್ತು ಬೆಲೆಯ ಅಂಕಿ ಬಿಟ್ಟು ಉಳಿದ ಜಾಗ ಮಾತ್ರ. ಸ್ಮಾರಕ ಅಂಚೆಚೀಟಿಯ ಒಟ್ಟು ಅಗಲ ಒಂದೂವರೆ ಅಂಗುಲ. ಎತ್ತರ ಒಂದು ಅಂಗುಲಕ್ಕೂ ಕಡಿಮೆ.

ಲಂಡನ್ ಒಲಿಂಪಿಕ್ ಕ್ರೀಡಾಕೂಟ 1948ರ ಜುಲೈ 29ರಂದು ಆರಂಭವಾಯಿತು. ಅದೇ ದಿನ ನಾಲ್ಕು ಅಂಚೆಚೀಟಿಗಳು ಬಿಡುಗಡೆಯಾದವು. ಎರಡೂವರೆ ಪೆನ್ಸ್ ಬೆಲೆಯದನ್ನು ಪರ್ಸಿ ಮೆಟ್‌ಕಾಫ್, ಮೂರು ಪೆನ್ಸಿನದನ್ನು ಏಬ್ರಮ್ ಗೇಮ್ಸ್, ಆರು ಪೆನ್ಸಿನದನ್ನು ಸ್ಟ್ಯಾನ್ಲಿ ಸ್ಕಾಟ್, ಒಂದು ಶಿಲಿಂಗಿನದನ್ನು ಎಡ್ಮಂಡ್ ಡ್ಯುಲಾಕ್ ರಚಿಸಿದ್ದರು. ನೇರಳೆ ಬಣ್ಣದಲ್ಲಿ ಮುದ್ರಿತವಾದ ಗೇಮ್ಸ್ ಅವರ ವಿನ್ಯಾಸದ ವಸ್ತು ‘ವೇಗ’. ಡ್ಯುಲಾಕ್ ಅವರದು ರೆಕ್ಕೆಯುಳ್ಳ ವಿಜಯದೇವತೆಯಾಗಿದ್ದರೆ, ಗೇಮ್ಸ್ ಆರಿಸಿಕೊಂಡದ್ದು ವ್ಯಕ್ತಿಯನ್ನಲ್ಲ, ದೇವತೆಯನ್ನಲ್ಲ, ಒಂದು ಗುಣವನ್ನು. ಅಂಚೆಚೀಟಿ ಹೊರಬಂದ ದಿನವೇ ಅವರ ಮೂವತ್ತನಾಲ್ಕನೆಯ ಹುಟ್ಟುಹಬ್ಬವೂ ಆಗಿತ್ತು ಎಂಬುದು ಕೇವಲ ಆಕಸ್ಮಿಕ.

ಮುದ್ರಣದ ತಾಂತ್ರಿಕತೆಯನ್ನು ಗಮನಿಸಿದರೆ ಗೇಮ್ಸ್ ಅವರ ಶೈಲಿ ಈ ಮಾಧ್ಯಮಕ್ಕೆ ಏಕೆ ಹೊಂದಿಕೊಂಡಿತೆಂಬುದು ಸ್ಪಷ್ಟವಾಗುತ್ತದೆ. ಹ್ಯಾರಿಸನ್ ಮುದ್ರಣಾಲಯ 1934ರಿಂದ ಬ್ರಿಟನ್ನಿನ ಅಂಚೆಚೀಟಿಗಳಿಗೆ ಫೋಟೋಗ್ರಾವ್ಯೂರ್ ವಿಧಾನವನ್ನು ಅನುಸರಿಸುತ್ತಿತ್ತು. ಈ ವಿಧಾನದಲ್ಲಿ ತಾಮ್ರದ ಉರುಳೆಯ ಮೇಲೆ ಚಿತ್ರವನ್ನು ಅತಿ ಸೂಕ್ಷ್ಮ ಕುಳಿಗಳಾಗಿ ಕೊರೆಯಲಾಗುತ್ತದೆ. ಆಳವಾದ ಕುಳಿ ಹೆಚ್ಚು ಶಾಯಿಯನ್ನು ಹಿಡಿದು ಗಾಢ ಛಾಯೆಯನ್ನೂ, ತೆಳುವಾದ ಕುಳಿ ಕಡಿಮೆ ಶಾಯಿ ಹಿಡಿದು ತಿಳಿಛಾಯೆಯನ್ನೂ ಕೊಡುತ್ತದೆ. ಹಳೆಯ ಕೆತ್ತನೆಯ ಅಂಚೆಚೀಟಿಗಳಲ್ಲಿ ರೇಖೆಗಳೇ ಎಲ್ಲ. ಫೋಟೋಗ್ರಾವ್ಯೂರಿನಲ್ಲಿ ಛಾಯೆಗಳು ಜಾರುವಂತೆ ಸಾಗಬಲ್ಲವು. ಏರ್‌ಬ್ರಷ್ಷಿನಿಂದ ಛಾಯೆಗಳನ್ನು ಕಟ್ಟುವುದನ್ನು ಕರಗತ ಮಾಡಿಕೊಂಡಿದ್ದ ಕಲಾವಿದರಿಗೆ ಒಂದೇ ಬಣ್ಣದ ಮಿತಿಯಲ್ಲಿಯೂ ಇದು ಅನುಕೂಲಕರವಾಯಿತು.

1851ರ ಮಹಾಪ್ರದರ್ಶನದ ಶತಮಾನೋತ್ಸವದ ವರ್ಷದಲ್ಲಿ ಏರ್ಪಟ್ಟ ಬ್ರಿಟನ್ ಉತ್ಸವದ ಲಾಂಛನ ಗೇಮ್ಸ್ ಅವರ ಅತ್ಯಂತ ಪರಿಚಿತ ರಚನೆ. 1948ರಲ್ಲಿ ಆಹ್ವಾನಿತ ಹನ್ನೆರಡು ವಿನ್ಯಾಸಕಾರರ ಸ್ಪರ್ಧೆಯಲ್ಲಿ ಅದು ಆಯ್ಕೆಯಾಯಿತು. ದಿಕ್ಸೂಚಿಯ ನಕ್ಷತ್ರದ ಮೇಲ್ತುದಿಯಲ್ಲಿ ಶಿರಸ್ತ್ರಾಣ ಧರಿಸಿದ ಬ್ರಿಟಾನಿಯಾಳ ಮುಖ. ಕೆಳಗೆ ಕೆಂಪು, ಬಿಳಿ, ನೀಲಿ ಪತಾಕೆಗಳ ತೋರಣ. ಮೊದಲ ಕರಡಿನಲ್ಲಿ ಈ ತೋರಣ ಇರಲಿಲ್ಲ. ಲಾಂಛನದಲ್ಲಿ ಹಬ್ಬದ ಕಳೆ ಸಾಲದೆಂಬ ಅಭಿಪ್ರಾಯ ಬಂದಾಗ, ಹಿತ್ತಿಲಿನ ಹಗ್ಗದಲ್ಲಿ ಹೆಂಡತಿ ಹರವಿದ್ದ ಬಟ್ಟೆಗಳು ಗಾಳಿಗೆ ಹಾರಾಡುತ್ತಿದ್ದುದನ್ನು ಕಂಡು ಗೇಮ್ಸ್ ಅದನ್ನು ಸೇರಿಸಿದರೆಂದು ಹೇಳಲಾಗುತ್ತದೆ. ಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದ, ಪಡಿತರ ಇನ್ನೂ ಪೂರ್ತಿ ಕೊನೆಗೊಂಡಿರದ ದೇಶವೊಂದರ ಹಬ್ಬಕ್ಕೆ ಹಿತ್ತಿಲಿನ ಬಟ್ಟೆ ಹಗ್ಗ ತೋರಣವಾದದ್ದು ಅರ್ಥಪೂರ್ಣವಾಗಿಯೇ ಇದೆ.

ಉತ್ಸವ ಆರಂಭವಾದ 1951ರ ಮೇ 3ರಂದು ಎರಡು ಅಂಚೆಚೀಟಿಗಳು ಬಂದವು. ಎರಡೂವರೆ ಪೆನ್ಸಿನದು ಡ್ಯುಲಾಕ್ ಅವರದು. ನಾಲ್ಕು ಪೆನ್ಸಿನದು ಗೇಮ್ಸ್ ಅವರದು. ಲಾಂಛನವೇ ನಾಲ್ಕು ಪೆನ್ಸಿನ ಅಂಚೆಚೀಟಿಯ ಚಿತ್ರವಾಯಿತು. ಇಲ್ಲಿ ವಿನ್ಯಾಸಕಾರರು ಎದುರಿಸಿದ ಸಮಸ್ಯೆಗಳು ಎರಡು. ಮೊದಲನೆಯದು ಬಣ್ಣದ್ದು. ಮೂರು ಬಣ್ಣಗಳ ತೋರಣವನ್ನು ನೀಲಿಯೊಂದರಲ್ಲಿಯೇ ತೋರಿಸಬೇಕಾಗಿತ್ತು. ಬಣ್ಣ ಕಳೆದುಕೊಂಡರೂ ಲಾಂಛನ ಗುರುತಿಗೆ ಸಿಗುತ್ತದೆ ಎಂಬುದು ಅದರ ಆಕೃತಿಯ ಗಟ್ಟಿತನಕ್ಕೆ ಸಾಕ್ಷಿ. ಎರಡನೆಯದು ಒಂದೇ ಚೌಕಟ್ಟಿನಲ್ಲಿ ಎರಡು ಮುಖಗಳ ಸಮಸ್ಯೆ. ಕಡ್ಡಾಯವಾಗಿ ಇರಲೇಬೇಕಾದ ಆರನೆಯ ಜಾರ್ಜ್ ದೊರೆಯ ಮುಖ ಒಂದು, ಲಾಂಛನದ ಬ್ರಿಟಾನಿಯಾ ಇನ್ನೊಂದು. ಒಬ್ಬ ನಿಜವಾದ ಮನುಷ್ಯ, ಮತ್ತೊಬ್ಬಳು ಸಂಕೇತ. ಒಂದಕ್ಕೆ ಛಾಯಾಚಿತ್ರದ ಸಹಜತೆ, ಇನ್ನೊಂದಕ್ಕೆ ಜ್ಯಾಮಿತಿಯ ಕಟ್ಟುನಿಟ್ಟು. ಈ ಎರಡನ್ನು ಒಂದೇ ಚೌಕಟ್ಟಿನಲ್ಲಿ ಹೊಂದಿಸುವ ತೊಡಕು ಗೇಮ್ಸ್ ಒಬ್ಬರದೇ ಆಗಿರಲಿಲ್ಲ. ಆ ಕಾಲದ ಬ್ರಿಟನ್ನಿನ ಅಂಚೆಚೀಟಿ ವಿನ್ಯಾಸಕಾರರೆಲ್ಲರನ್ನೂ ಅದು ಕಾಡಿತು. ಡೇವಿಡ್ ಜೆಂಟಲ್‌ಮನ್ ಅವರ ಪ್ರಯತ್ನದಿಂದ 1966ರಲ್ಲಿ ರಾಣಿಯ ಮುಖವನ್ನು ಮೂಲೆಯ ಪುಟ್ಟ ನೆರಳಾಕೃತಿಯಾಗಿ ಕಿರಿದುಗೊಳಿಸಿದ ಮೇಲೆಯೇ ಅದಕ್ಕೆ ಪರಿಹಾರ ದೊರೆಯಿತು.

ಇನ್ನೊಂದು ಅಂಶವೂ ಇಲ್ಲಿ ಉಲ್ಲೇಖನೀಯ. ಎರಡೂವರೆ ಪೆನ್ಸ್ ಒಳನಾಡಿನ ಪತ್ರದ ದರವಾಗಿದ್ದರೆ, 1948ರಲ್ಲಿ ಮೂರು ಪೆನ್ಸ್ ಮತ್ತು 1951ರಲ್ಲಿ ನಾಲ್ಕು ಪೆನ್ಸ್ ವಿದೇಶಗಳಿಗೆ ಹೋಗುವ ಸಾಮಾನ್ಯ ಪತ್ರದ ದರಗಳಾಗಿದ್ದವು. ಎಂದರೆ ಗೇಮ್ಸ್ ಅವರ ಎರಡೂ ಅಂಚೆಚೀಟಿಗಳು ದೇಶದ ಗಡಿ ದಾಟಿ, ಬ್ರಿಟನ್ನನ್ನು ಕಾಣದವರ ಕೈಗಳಿಗೆ ತಲುಪಿದವು. ವಲಸಿಗರ ಮಗನೊಬ್ಬ, ಯಾರ ಭಿತ್ತಿಪತ್ರಗಳನ್ನು ಸರಕಾರ ಗೋಡೆಯಿಂದ ತೆಗೆಸಿತ್ತೋ ಅವರೇ, ಹತ್ತು ವರ್ಷ ಕಳೆಯುವುದರೊಳಗೆ ಆ ದೇಶದ ಮುಖವನ್ನು ಹೊರಜಗತ್ತಿಗೆ ಬರೆದುಕೊಟ್ಟರು.

ಐವತ್ತರ ದಶಕದಲ್ಲಿ ಗೇಮ್ಸ್ ಇಸ್ರೇಲಿಗೆ ಹೋಗಿ ಕೆಲಕಾಲ ಅಲ್ಲಿದ್ದರು. 1953ರ ಮರುಭೂಮಿ ವಿಜಯ ಪ್ರದರ್ಶನದ ಅಂಚೆಚೀಟಿಯೂ ಸೇರಿದಂತೆ ಆ ದೇಶದ ಅಂಚೆ ಇಲಾಖೆಗೆ ವಿನ್ಯಾಸಗಳನ್ನು ಮಾಡಿದರು. ಅಂಚೆಚೀಟಿ ವಿನ್ಯಾಸವನ್ನೇ ವಿಷಯವಾಗಿಟ್ಟುಕೊಂಡು ತರಗತಿಯನ್ನೂ ನಡೆಸಿದರು. ಮುಂದೆ ಜರ್ಸಿ ದ್ವೀಪಕ್ಕಾಗಿಯೂ ಅವರು ಅಂಚೆಚೀಟಿಗಳನ್ನು ರಚಿಸಿದರು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ 1946ರಿಂದ 1953ರವರೆಗೆ ಬೋಧಿಸಿದ್ದ ಅವರಿಗೆ ಕಲಿಸುವ ಕೆಲಸ ಹೊಸದಾಗಿರಲಿಲ್ಲ.

ಕೊನೆಯ ದಶಕಗಳು

ಗೇಮ್ಸ್ ಅವರ ಶಿಸ್ತು ಬೇರೆ ಮಾಧ್ಯಮಗಳಿಗೂ ಹರಿಯಿತು. 1953ರ ಡಿಸೆಂಬರ್ 2ರಂದು ಬಿ.ಬಿ.ಸಿ. ದೂರದರ್ಶನದ ತೆರೆಯ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡ ಚಲಿಸುವ ಲಾಂಛನ ಅವರದೇ. 1965ರಲ್ಲಿ ಉದ್ಯಮಗಳಿಗಾಗಿ ಸ್ಥಾಪಿತವಾದ ರಾಣಿಯ ಪ್ರಶಸ್ತಿಯ ಲಾಂಛನವನ್ನೂ ಅವರು ರಚಿಸಿದರು. ಲಂಡನ್ ಭೂಗತ ರೈಲಿನ ಸ್ಟಾಕ್‌ವೆಲ್ ನಿಲ್ದಾಣದ ಹೆಂಚುಗಳ ಮೇಲಿರುವ ಹಂಸ ಅವರ ಕೃತಿ. 1976ರಲ್ಲಿ ಲಂಡನ್ ಮೃಗಾಲಯಕ್ಕಾಗಿ ಮಾಡಿದ ಭಿತ್ತಿಪತ್ರದಲ್ಲಿ, ಭೂಗತ ರೈಲಿನ ಪರಿಚಿತ ಗುರುತಾದ ವೃತ್ತ ಮತ್ತು ಅಡ್ಡಪಟ್ಟಿಗಳ ತುಣುಕುಗಳಿಂದಲೇ ಹುಲಿಯೊಂದು ಮೂಡಿಬರುತ್ತದೆ.

ಆದರೆ ಕಾಲದ ಗತಿ ಬೇರೆಯಾಗಿತ್ತು. ಅರವತ್ತರ ದಶಕದಿಂದ ಮುಂದೆ ದೂರದರ್ಶನವೂ ಬಣ್ಣದ ಛಾಯಾಚಿತ್ರವೂ ಜಾಹೀರಾತನ್ನು ಆವರಿಸಿಕೊಂಡವು. ಒಬ್ಬ ಕಲಾವಿದನ ಸ್ಥಾನದಲ್ಲಿ ಹತ್ತಾರು ಜನರ ತಂಡಗಳುಳ್ಳ ಏಜೆನ್ಸಿಗಳು ಬಂದವು. ಮಾರುಕಟ್ಟೆಯ ಸಮೀಕ್ಷೆ ವಿನ್ಯಾಸವನ್ನು ನಿರ್ದೇಶಿಸತೊಡಗಿತು. ಒಂದೇ ವಿನ್ಯಾಸವನ್ನು ಒಪ್ಪಿಸಿ ಅದರ ಪೂರ್ಣ ಹೊಣೆ ಹೊರುವ ಗೇಮ್ಸ್ ಅವರ ಪದ್ಧತಿಗೆ ಅಲ್ಲಿ ಎಡೆ ಕಡಿಮೆಯಾಯಿತು. ಅವರು ತಮ್ಮ ಕ್ರಮವನ್ನು ಬದಲಿಸಿಕೊಳ್ಳಲಿಲ್ಲ. 1996ರ ಆಗಸ್ಟ್ 27ರಂದು ಲಂಡನ್ನಿನಲ್ಲಿ ಅವರು ನಿಧನರಾದರು.

ಸಮಾರೋಪ

ಏಬ್ರಮ್ ಗೇಮ್ಸ್ ಅವರನ್ನು ಭಿತ್ತಿಪತ್ರ ಕಲಾವಿದರೆಂದು ಗುರುತಿಸಿ, ಅಂಚೆಚೀಟಿಗಳನ್ನು ಅವರ ಉಪಕೃತಿಗಳೆಂದು ಎಣಿಸುವ ವಾಡಿಕೆ ಇದೆ. ಈವರೆಗಿನ ವಿವೇಚನೆಯಿಂದ ಆ ವಾಡಿಕೆಯನ್ನು ಮರುಪರಿಶೀಲಿಸಬೇಕೆಂದು ತೋರುತ್ತದೆ. ಅಂಗುಲದ ಕರಡಿನಿಂದಲೇ ಆರಂಭವಾಗುತ್ತಿದ್ದ ಅವರ ಕಲೆಯಲ್ಲಿ ಅಂಚೆಚೀಟಿ ಎಂಬುದು ದೊಡ್ಡದರ ಸಂಕ್ಷೇಪವಲ್ಲ; ಭಿತ್ತಿಪತ್ರವೇ ಚಿಕ್ಕದರ ವಿಸ್ತರಣೆ. ಬಣ್ಣ, ಗಾತ್ರ, ವಿವರ ಇವೆಲ್ಲವನ್ನೂ ಕಳೆದ ಮೇಲೆ ಉಳಿಯುವ ಅರ್ಥವೇ ವಿನ್ಯಾಸದ ತಿರುಳು ಎಂಬ ಅವರ ನಿಲುವಿಗೆ ಅಂಚೆಚೀಟಿಗಿಂತ ಕಠಿಣವಾದ ಪರೀಕ್ಷೆ ಇರಲಾರದು.

ಸಂಶೋಧಕರೂ ಗ್ರಂಥಾಲಯಗಳೂ ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ಅಂಚೆಚೀಟಿಗಳನ್ನು ಸಂಗ್ರಾಹಕರು ಆಲ್ಬಮ್ಮುಗಳಲ್ಲಿ ಜೋಪಾನ ಮಾಡಿದರು. ಅವುಗಳ ದಿನಾಂಕ, ಬಣ್ಣ, ಬೆಲೆ, ರಚನಕಾರರ ಹೆಸರು ಎಲ್ಲವೂ ಸೂಚಿಗಳಲ್ಲಿ ದಾಖಲಾಗಿವೆ. ಭಿತ್ತಿಪತ್ರಗಳಿಗೆ ಆ ಭಾಗ್ಯ ಇರಲಿಲ್ಲ. ಗೋಡೆಗೆ ಅಂಟಿಸಿದ ಮೇಲೆ ಅವು ಯಾರಿಗೂ ಸೇರದ ವಸ್ತುಗಳು. ಗೇಮ್ಸ್ ಅವರ ಕೃತಿಗಳ ಮೇಲೆ 2014ರಲ್ಲಿ ಲಂಡನ್ನಿನ ಯಹೂದಿ ವಸ್ತುಸಂಗ್ರಹಾಲಯವೂ, ಯುದ್ಧಕಾಲದ ಭಿತ್ತಿಪತ್ರಗಳ ಮೇಲೆ 2019ರಲ್ಲಿ ರಾಷ್ಟ್ರೀಯ ಸೇನಾ ವಸ್ತುಸಂಗ್ರಹಾಲಯವೂ ಪ್ರದರ್ಶನ ಏರ್ಪಡಿಸಲು ಸಾಧ್ಯವಾದದ್ದು, ಬಳಸಿ ಎಸೆಯಬೇಕಾಗಿದ್ದ ಕಾಗದಗಳನ್ನು ಕೆಲವರು ಎಸೆಯದೆ ಇಟ್ಟುಕೊಂಡದ್ದರಿಂದ. ಚರ್ಚಿಲ್ ಒಪ್ಪದ ಭಿತ್ತಿಪತ್ರ ಇಂದು ನೋಡಲು ಸಿಗುತ್ತದೆ. ಆ ಸೊಟ್ಟಗಾಲಿನ ಮಗುವಿನ ಸಾಕ್ಷ್ಯವೂ ಅದರೊಂದಿಗೆ ಉಳಿದುಬಂದಿದೆ. ಭಿತ್ತಿಪತ್ರ, ಕರಪತ್ರ, ಚೀಟಿ, ಲೇಬಲ್ಲುಗಳನ್ನು ಪುಸ್ತಕಗಳಷ್ಟೇ ಎಚ್ಚರದಿಂದ ಸಂಗ್ರಹಿಸಿ ಸೂಚೀಕರಿಸುವ ಕೆಲಸ ಆದಲ್ಲೆಲ್ಲ ಇಂಥ ಸಾಕ್ಷ್ಯಗಳು ಉಳಿಯುತ್ತವೆ. ಆಗದ ಕಡೆ ಅವುಗಳಿದ್ದವೆಂಬುದೂ ತಿಳಿಯದೆ ಹೋಗುತ್ತದೆ.